ಬಾಯಿ ಮುಚ್ಚಿ ಕೇಳಬಾರದ ಕಥೆ

ಮಸ್ಕತ್ತಿನ ನಮ್ಮ ಕನ್ನಡ ಓದುಬಳಗದ ಆನ್‌ಲೈನ್ ಕೂಟಗಳು ಗಣಪತಿ ಸ್ತುತಿಯಿಂದಲ್ಲ, ‘ಎಲ್ಲರನ್ನೂ ಮ್ಯೂಟ್ ಮಾಡಿದ್ದೇನೆ’ ಎಂಬ ಸಂಚಾಲಕ ಪ್ರಭಾಕರಣ್ಣನ ಮಂಗಳವಚನದಿಂದ ಆರಂಭವಾಗುತ್ತವೆ. ಭಾಷಣಕಾರನೊಬ್ಬನನ್ನು ಬಿಟ್ಟು ಉಳಿದವರ ಬಾಯಿಯ ಕೀಲಿ ಪ್ರಭಾಕರಣ್ಣನ ಕೈಯಲ್ಲೇ. ಮಕ್ಕಳ ಜಗಳವಾಗಲಿ, ಮೂಗು ಸೀಟುವ ಸದ್ದಾಗಲಿ ಸಾಹಿತ್ಯದ ಗರ್ಭಗುಡಿಗೆ ನುಸುಳಬಾರದು. ನನ್ನಂಥ ಭಾಷಣಕಾರನಿಗೆ ಇದರಿಂದ ಉಪಕಾರವೇ ಅನ್ನಿ. ಆಕಳಿಕೆ ಕಂಡರೂ ಕೇಳಿಸುವುದಿಲ್ಲವಲ್ಲ!

ಈ ಸಲ ‘ಆಫ್ರಿಕಾದ ಸಾಹಿತ್ಯದಲ್ಲಿ ಸಮಾಜ’ ಎಂಬ ಘನವಿಷಯ ನನ್ನ ತಲೆಗೆ ಬಿದ್ದಿತ್ತು. ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಸೋಫಾದಲ್ಲಿ, ಅಲ್ಲಿಯ ಕಾದಂಬರಿಯೊಂದನ್ನು ಎದೆಯ ಮೇಲಿಟ್ಟುಕೊಂಡು ಗಾಢ ಅಧ್ಯಯನದಲ್ಲಿ, ಅಂದರೆ ಅರೆನಿದ್ರೆಯಲ್ಲಿದ್ದಾಗ, ಕೆಳಮನೆಯ ಜುವೇನಾ ಬೀಬಿ ಬಂದರು. ಜಾಂಜಿಬಾರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಒಮಾನಿಗೆ ಬಂದ ಹಿರಿಯೆ. ನನ್ನ ಹೆಂಡತಿ ಕಳಿಸುವ ನೀರುದೋಸೆಯ ಡಬ್ಬಿಯನ್ನು ಎಂದೂ ಖಾಲಿ ಮರಳಿಸಿದವರಲ್ಲ. ಪುಸ್ತಕ ಯಾವುದೆಂದು ತಮ್ಮ ಹಿಂದಿಯಲ್ಲಿ ವಿಚಾರಿಸಿದರು. ನಿಮ್ಮ ಕಡೆಯ ಕಥೆ ಎಂದೆ.

‘ಒಬ್ಬನೇ ಓದ್ತೀಯಾ? ಮತ್ತೆ ಓಗೊಡುವವರು ಯಾರು ಬೇಟಾ?’

ಅವರಲ್ಲಿ ಕಥೆ ಹೇಳುವವರು ‘ಪಾವುಕ್ವಾ!’ ಎಂದರೆ ಕೇಳುವವರು ‘ಪಕಾವಾ!’ ಎನ್ನಬೇಕು, ಇಲ್ಲವಾದರೆ ಕಥೆ ಶುರುವೇ ಆಗದಂತೆ. ‘ಮೊಮ್ಮಕ್ಕಳ ಕಿವಿಯಲ್ಲಿ ಸದಾ ಇಯರ್‌ಫೋನ್. ನಾನು ಕಥೆ ಹೇಳಿ ಎಷ್ಟೋ ವರ್ಷ ಆಯ್ತು,’ ಎಂದರು. ನನಗೆ ಸಂಕಟವಾಯಿತು. ನನ್ನ ಭಾಷಣ ಹಾಳಾಗಲಿ, ಬಳಗಕ್ಕೆ ನೀವೇ ಹಿಂದಿಯಲ್ಲಿ ಒಂದು ಕಥೆ ಹೇಳಿ ಎಂದು ದುಂಬಾಲು ಬಿದ್ದು ಒಪ್ಪಿಸಿದೆ.

ಆಮೇಲೆ ಎದ್ದು ಕೂತು ಕಾದಂಬರಿಯನ್ನು ಓದಿದರೆ, ಅರೆ, ಪುಟಪುಟದಲ್ಲೂ ಜನ! ಮದುವೆಯ ಮಾತುಕತೆ, ಹಿರಿಯರ ಪಂಚಾಯಿತಿ, ಸಂತೆಯ ಜಗಳ, ಎಲ್ಲವನ್ನೂ ಎದುರಿಗೆ ಕೂತವರಿಗೆ ಹೇಳಿದಂತೆ ಬರೆದಿದ್ದಾರೆ ಪುಣ್ಯಾತ್ಮರು. ಸುಳ್ಳು ಸೇರಿಸಿದರೆ ‘ನಮ್ಮ ಕೇರಿಯಲ್ಲಿ ಹಾಗಿಲ್ಲ’ ಎಂದು ತಡೆಯುವ ಕೇಳುಗರು ಮುಂದೆಯೇ ಇದ್ದಾರೆಂಬ ಎಚ್ಚರ ಆ ಗದ್ಯಕ್ಕಿದೆ. ಉಡುಪಿ ಕಡೆಯ ನಾಟಿಗದ್ದೆಯಲ್ಲಿ ನನ್ನಮ್ಮ ಪಾಡ್ದನದ ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಅದನ್ನು ಮರಳಿ ಹಾಡುತ್ತಿದ್ದುದು ನೆನಪಾಗಿ ಖುಷಿಯಾಯಿತು.

ಶುಕ್ರವಾರ ಸಂಜೆ ಬೀಬಿ ಹೊಸ ಶಾಲು ಹೊದ್ದು ನಮ್ಮ ಲ್ಯಾಪ್‌ಟಾಪಿನ ಮುಂದೆ ಆಸೀನರಾದರು. ಓಗೊಡುವ ಪದ್ಧತಿಯನ್ನು ಬಳಗಕ್ಕೆ ನಾನು ಸಾಲಂಕಾರವಾಗಿ ವಿವರಿಸಿದೆ. ಬೀಬಿ ಗಂಟಲು ಸರಿಮಾಡಿಕೊಂಡು ‘ಪಾವುಕ್ವಾ!’ ಎಂದರು. ಪರದೆಯ ಚೌಕಗಳಲ್ಲಿ ತುಟಿಗಳು ಅಲುಗಿದವು; ಸದ್ದಿಲ್ಲ. ಕಣ್ಣು ಮಂಜಾದ ಬೀಬಿಗೆ ತುಟಿಗಳೆಲ್ಲಿ ಕಾಣಬೇಕು? ಇನ್ನೊಮ್ಮೆ ಕೂಗಿದರು. ನಿಶ್ಶಬ್ದ.

‘ಖಲಾಸ್. ಅಲ್ಲಿ ಯಾರೂ ಇಲ್ಲ,’ ಎಂದು ಎದ್ದುಬಿಟ್ಟರು.

ನಾನು ಲ್ಯಾಪ್‌ಟಾಪಿನತ್ತ ಬಾಗಿ ಕೂಗಿದೆ. ‘ಪ್ರಭಾಕರಣ್ಣ, ಆ ಮ್ಯೂಟ್ ತೆಗೀರಿ ಮಾರಾಯ್ರೆ! ಎಲ್ಲರದ್ದೂ!’

‘ಗಲಾಟೆ ಆಗ್ತದಲ್ಲ?’

‘ಆಗ್ಲಿ!’

ಬಾಗಿಲ ತನಕ ಹೋಗಿದ್ದ ಬೀಬಿಯ ಬೆನ್ನಿಗೆ ಮತ್ರಾ ಬಡಾವಣೆಯ ಮನೆಯೊಂದರ ಮಗುವಿನ ಅಳು, ಬೌಷರಿನ ಇನ್ನೊಂದು ಮನೆಯ ಮಿಕ್ಸಿಯ ಗರ್ಜನೆ, ಅದರ ನಡುವೆಯೇ ಒಬ್ಬರ ಹಿಂದೊಬ್ಬರಂತೆ ‘ಪಕಾವಾ! ಪಕಾವಾ!’

ಬೀಬಿ ತಿರುಗಿ ನಿಂತರು.

‘ಯಾ ಅಲ್ಲಾ! ಇಷ್ಟೊಂದು ಜನ ಇದ್ದಿರಾ?’ ಎಂದು ವಾಪಸು ಬಂದು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.