ಬಂಡೆಯ ಹಿಂದಿನ ಮಗ್ಗಲು

ಫಾಲ್ಗುಣ ಮಾಸದ ಕೊನೆಯ ಗುರುವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಗೌರವ್ವ, ಮತ್ತು ಹಿಂದಿನ ಸಂಜೆ ಬಂದು ಒಡೆಯದೆ ಬಿದ್ದಿದ್ದ ಒಂದು ಲಕೋಟೆ. ಸಂಜೆಯ ಟಪಾಲನ್ನು ಮರುದಿನ ಸ್ನಾನವಾದ ಮೇಲೆಯೇ ಒಡೆಯುವುದು ನನ್ನ ಪದ್ಧತಿ. ಕೆಟ್ಟ ಸುದ್ದಿಯಾದರೆ ಒಂದು ರಾತ್ರಿ ಕಾಯಲಿ ಎಂಬ ಎಣಿಕೆ. ಒಳ್ಳೆಯ ಸುದ್ದಿ ಕಾಯಲಾರದೆಂದು ತಿಳಿದದ್ದು ಅಂದೇ.

ಸರಸಂಬಾದ ಶಾಲೆಗೆ ನಾನು ಹೆಡ್‌ಮಾಸ್ತರ. ಗೇಟಿನ ಪಕ್ಕದಲ್ಲಿ, ಪ್ರತಿ ಯುಗಾದಿಗೆ ಸುಣ್ಣ ಹಚ್ಚಿಸುವ ಆಳೆತ್ತರದ ಕರಿಬಂಡೆಯಿದೆ. ಮೂರು ತಿಂಗಳ ಹಿಂದೆ ಗಾಳಿಗೆ ಟೊಪ್ಪಿಗೆ ಹಾರಿ ಅದರ ಹಿಂದೆ ಬಿತ್ತು. ತರಲು ಹೋದಾಗ ಕಂಡದ್ದು, ಸುಣ್ಣವನ್ನೇ ಕಾಣದ ಕಲ್ಲು ಮತ್ತು ಅದರ ಮೇಲೆ ಅಂಗೈಯಗಲದ ಒಂದು ಕಲೆ. ಕೂಡಲೇ ಎರಡು ಕೆಲಸ ಮಾಡಿದೆ, ಒಂದು ಕುತೂಹಲಕ್ಕೆ, ಒಂದು ಶಿಸ್ತಿಗೆ. ಕಲೆಯ ಒಂದು ಚೂರನ್ನು ಕೆರೆದು, ಹೈದರಾಬಾದಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನ ಹಳೆಯ ವಿದ್ಯಾರ್ಥಿಗೆ ಕಳಿಸಿದೆ. ಶಾಲೆಗೆ ಸುಣ್ಣ ಹಚ್ಚುವ ಬಸಪ್ಪನಿಗೆ, ಈ ಸಲ ಯುಗಾದಿಯ ಹಿಂದಿನ ಗುರುವಾರ ಬೆಳಿಗ್ಗೆ ಆರಕ್ಕೆ, ಬಂಡೆಯ ಹಿಂದಿನ ಮಗ್ಗಲಿನಿಂದಲೇ ಶುರುಮಾಡಬೇಕೆಂದು ಹುಕುಂ ಕೊಟ್ಟೆ. ಆಮೇಲೆ ಸಂಕ್ರಾಂತಿಯ ರಜೆಯಲ್ಲಿ ಅಫಜಲಪುರ, ಜೇವರ್ಗಿಯ ನೆಂಟರ ಊರುಗಳಲ್ಲಿ ಕಂಡ ಬಂಡೆಗಳ ಹಿಂದೆಲ್ಲ ಇಣುಕಿದೆ. ಆ ಕಲೆ ಎಲ್ಲಿಯೂ ಸಿಗಲಿಲ್ಲ. ಹುಕುಂ ಮಾತ್ರ ಮರೆತೇಹೋಯಿತು.

ಲಕೋಟೆಯಲ್ಲಿದ್ದದ್ದು ಇಷ್ಟು: ‘ಗುರುಗಳೇ, ಇದೊಂದು ಕಲ್ಲುಹೂವು. ನನ್ನಲ್ಲಿರುವ ಯಾವ ಪುಸ್ತಕದಲ್ಲೂ ಇಲ್ಲ, ಬಹುಶಃ ಹೊಸ ಜಾತಿ. ಇನ್ನು ಕೆರೆಯಬೇಡಿ. ಇದ್ದಲ್ಲಿಯೇ ನೋಡಿ, ಒಣಗಿದಾಗ ಹೇಗೆ, ನೆನೆದಾಗ ಹೇಗೆ ಎಂದು ವರ್ಣನೆ ಬರೆದು ಕಳಿಸಿ.’

ಅಂದೇ ಆ ಗುರುವಾರ. ಆರು ಹೊಡೆದು ಅರ್ಧ ಗಂಟೆಯಾಗಿತ್ತು. ಬಸಪ್ಪನನ್ನು ಹನ್ನೆರಡು ವರ್ಷ ತಿದ್ದಿ ವೇಳೆಗೆ ಸರಿಯಾಗಿ ಬರುವಂತೆ ಮಾಡಿದವನು ನಾನೇ. ಎದ್ದು ಓಡಿದೆ.

“ಟೊಪಿಗಿ ಇಲ್ದ ಎಲ್ಲಿ ಹೊಂಟ್ರಿ? ಯಾರಿಗೇನಾತ್ರಿ?” ಎಂದಳು ಗೌರವ್ವ.

“ಕಲ್ಲುಹೂವಿಗಿ!”

“ಮಸಾಲಿ ಡಬ್ಬ್ಯಾಗ ಅದಲ್ರಿ! ಅದಕ್ಯಾಕ ಓಡ್ತೀರಿ?” ಎನ್ನುತ್ತ ಕೈಯಲ್ಲಿದ್ದ ನೀರಿನ ತಂಬಿಗೆಯೊಂದಿಗೇ ಹಿಂದೆ ಬಂದಳು.

ಕಲ್ಲುಹೂವು ಒಂದೇ ಜೀವವಲ್ಲವಂತೆ. ಬೂಷ್ಟು ಮನೆ ಕಟ್ಟುತ್ತದೆ, ಪಾಚಿ ಅಡಿಗೆ ಮಾಡುತ್ತದೆ. ಇಬ್ಬರೂ ಕೂಡಿ ಕಲ್ಲಿನ ಮೇಲೆ ಸಂಸಾರ ಹೂಡುತ್ತಾರೆ. ಅಂಗೈಯಗಲವಾಗಲು ಎಷ್ಟು ತಲೆಮಾರು ಬೇಕಾಯಿತೋ. ಅಳಿಸಲು ಸುಣ್ಣದ ಕುಂಚ ಒಮ್ಮೆ ಆಡಿದರೆ ಸಾಕು. ಓಡುವಾಗ ನನಗೆ ಬೇರೇನೂ ಹೊಳೆಯಲಿಲ್ಲ.

ಬಂಡೆ ಗೇಟಿನ ಕಡೆಯಿಂದ ಬೆಳ್ಳಗೆ ಹೊಳೆಯುತ್ತಿತ್ತು. ಬಸಪ್ಪ ಕುಂಚ ತೊಳೆಯುತ್ತಿದ್ದ.

“ಮುಗೀತ್ರಿ ಮಾಸ್ತರ.”

“ಹಿಂದಿನ ಮಗ್ಗಲಾ?”

“ಮೊದಲ ಅದೇ ಹಚ್ಚೀನ್ರಿ. ನೀವ್ ಹೇಳಿದಂಗ.”

ಬಂಡೆಗೆ ಕೈಯೂರಿ, ಅಂಗೈಗೆ ಸುಣ್ಣ ಮೆತ್ತಿಸಿಕೊಂಡು ಹಿಂದಕ್ಕೆ ಹೋದೆ. ಕಲೆ ಇದ್ದಂತೆಯೇ ಇತ್ತು. ಹತ್ತಿರ ಒಂದು ಹನಿ ಸುಣ್ಣವೂ ಇಲ್ಲ.

ಬಸಪ್ಪ ತಲೆ ಕೆರೆಯುತ್ತ ಬಂದು ನಿಂತ. “ತಪ್ಪಾತ್ರಿ ಮಾಸ್ತರ. ಈ ಕಡಿ ಯಾರ್ ನೋಡ್ತಾರ್ರಿ? ಹನ್ನೆರಡು ವರ್ಷ ನೀವು ಗೇಟಿನ್ಯಾಗ ನಿಂತೇ ನೋಡೀರಿ. ಇವತ್ತ ಹೆಂಗ ಈ ಕಡಿ ಬಂದ್ರಿ?”

ಸುಳ್ಳು ಹೇಳಿದವನನ್ನು ನಾನು ಬಿಟ್ಟವನಲ್ಲ. ಅಂದು ಬಿಟ್ಟೆ. ಶಾಲೆಯ ಮೂಲೆಮೂಲೆಗೂ ನನ್ನ ಶಿಸ್ತು ಮುಟ್ಟಿದೆಯೆಂದು ನಂಬಿದ್ದೆ. ಅದು ಮುಟ್ಟದಿದ್ದ ಅಂಗೈಯಗಲದಲ್ಲಿ ಒಂದು ಜೀವ ಬದುಕಿತ್ತು.

ಕೂತು ವರ್ಣನೆಗೆ ತೊಡಗಿದೆ. ‘ಬೂದಿ ಬಣ್ಣ’ ಎಂದು ಬರೆದೆ. ಗೌರವ್ವ ಬಗ್ಗಿ ನೋಡಿದಳು. “ಬೂದಿ ಎಲ್ಲಿ ಅದರಿ? ಒಂದೇ ಮಗ್ಗಲ ಬೆಂದ ಜ್ವಾಳದ ರೊಟ್ಟಿ ಇದ್ದಂಗ ಅದ.” ನನ್ನದನ್ನು ಹೊಡೆದುಹಾಕಿ ಅವಳದನ್ನು ಬರೆದೆ. ಅವಳು ತಂಬಿಗೆಯ ನೀರು ಚಿಮುಕಿಸಿದಳು. ನೋಡುತ್ತಿದ್ದಂತೆ ರೊಟ್ಟಿ ಹಸಿಕಡಲೆಯ ಹಸಿರಿಗೆ ತಿರುಗಿತು. ನಡುವೆ ಗುರೆಳ್ಳು ಉದುರಿಸಿದಂತೆ ಕಪ್ಪು ಚುಕ್ಕೆಗಳೆದ್ದವು.

“ಮಸಾಲಿಗೇನ್ ಬರೂದಿಲ್ಲ ಬಿಡ್ರಿ,” ಎಂದು ಅವಳೇ ತೀರ್ಪು ಕೊಟ್ಟಳು.

ವರ್ಣನೆ ಟಪಾಲಿಗೆ ಹೋಯಿತು, ಆತಂಕ ಹೋಗಲಿಲ್ಲ. ಬರುವ ವರ್ಷ ನಾನು ನಿವೃತ್ತ. ನನ್ನ ಜಾಗಕ್ಕೆ ಬರುವವರು ಬಂಡೆಯ ಹಿಂದೆ ಇಣುಕುವ ಶಿಸ್ತಿನವರಾದರೆ? ಇದು ಅಪರೂಪದ ಜೀವ, ಕಾಪಾಡಿ ಎಂದು ಬರೆದಿಟ್ಟರೆ ನೋಡಲು ಬಂದವರೆಲ್ಲ ಒಂದೊಂದು ಚೂರು ಕೆರೆದೊಯ್ದಾರು. ಸಂಜೆಯವರೆಗೂ ಯೋಚಿಸಿದೆ. ಪುಸ್ತಕದಲ್ಲಿ ಮುಗಿದ ಕೆಲಸವನ್ನು ಬಂಡೆಯ ಹಿಂದೆ ಹೋಗಿ ಯಾರೂ ನೋಡುವುದಿಲ್ಲ.

ಐದೂವರೆಗೆ ಶಾಲೆಯ ಕಾಮಗಾರಿ ಪುಸ್ತಕ ತೆಗೆದೆ. ‘ಬಂಡೆಗೆ ಹುಕುಮಿನ ಪ್ರಕಾರ ಎರಡೂ ಮಗ್ಗಲು ಸುಣ್ಣ ಹಚ್ಚಲಾಗಿದೆ. ಖುದ್ದಾಗಿ ನೋಡಿದ್ದೇನೆ’ ಎಂದು ದುಂಡಗೆ ಬರೆದು, ಸಹಿ ಮಾಡಿ, ಶಾಯಿ ಒಣಗಿದ ಮೇಲೆ ಪುಸ್ತಕ ಮುಚ್ಚಿದೆ.