ಮಾವನವರ ಗವರ್ನರ್

ನಾನು ಮದುವೆಯಾಗಿ ಲಂಡನ್ನಿನ ರೇನರ್ಸ್ ಲೇನ್‌ನ ಮನೆಗೆ ಬಂದಾಗ, ಪಡಸಾಲೆಯ ಗೋಡೆಯ ಮೇಲೆ ಮನೆದೇವರ ಫೋಟೋದ ಪಕ್ಕದಲ್ಲಿ ಅಮೆರಿಕದ ಗವರ್ನರ್ ಒಬ್ಬ ನಗುತ್ತ ನಿಂತಿದ್ದ. ಅವನ ಕೈಯಲ್ಲಿ ನಮ್ಮ ಮಾವನವರ ಕೈ ಇತ್ತು. ಧಾರವಾಡದಿಂದ ಬಂದ ಮಾವನವರು ಲಂಡನ್ನಿನ ದೊಡ್ಡ ಹೋಟೆಲೊಂದರಲ್ಲಿ ಬಡಿಸುವ ಕೆಲಸದಲ್ಲಿದ್ದರು. ಇಲ್ಲಿನ ಕಂಪನಿಗಳನ್ನು ತನ್ನ ರಾಜ್ಯಕ್ಕೆ ಕರೆಯಲು ಬಂದಿದ್ದ ಆ ಮನುಷ್ಯ, ತಿಂಡಿ ಮುಗಿಸಿ ಏಳುವಾಗ, ಓಟಿಗೆ ನಿಂತವರ ಚಾಳಿಯಂತೆ ಕಂಡಕಂಡವರ ಕೈ ಕುಲುಕಿದನಂತೆ. ಅವನ ಕಡೆಯವರು ಫೋಟೋ ಹೊಡೆದು ಆಮೇಲೆ ಕಳಿಸಿಕೊಟ್ಟರು. ಒಂದು ಶುಕ್ರವಾರ ಅತ್ತೆ ದೇವರಿಗೆ ಕುಂಕುಮ ಹಚ್ಚುತ್ತ ಅದೇ ಓಘದಲ್ಲಿ ಇವನ ಹಣೆಗೂ ಹಚ್ಚಿಬಿಟ್ಟರು. ಮಾವನವರು ಒರೆಸಗೊಡಲಿಲ್ಲ.

ಮನೆಗೆ ಬಂದವರಿಗೆ ಚಹಾದ ಜೊತೆ ಗವರ್ನರನ ಚರಿತ್ರೆ ಕಡ್ಡಾಯವಾಗಿತ್ತು. ಮೆಕ್ಕೆಜೋಳ ಬೆಳೆಯುವ ರೈತನ ಮಗ. ಶಾಲೆಗೆ ಹೋಗುವ ಮುಂಚೆ ಹಂದಿಗಳಿಗೆ ಮೇವು ಹಾಕುತ್ತಿದ್ದ. ಮಾವನವರು ಮಾತ್ರ ದನಗಳಿಗೆ ಎಂದೇ ಹೇಳುತ್ತಿದ್ದರು. ವಕೀಲನಾದ, ಶಾಸಕನಾದ, ತೆರಿಗೆ ಏರಿಸುವುದಿಲ್ಲವೆಂದು ಆಣೆ ಮಾಡಿ ಗವರ್ನರನಾದ. ಗೆದ್ದು ಏರಿಸಿದ, ಮತ್ತೆ ಗೆದ್ದ. ಹೊಳೆ ಉಕ್ಕಿದಾಗ ಮೊಣಕಾಲುದ್ದ ನೀರಿನಲ್ಲಿ ನಿಂತು ಉಸುಕಿನ ಚೀಲ ಹೊತ್ತ, ಕ್ಯಾಮೆರಾದವರು ಹೋಗುವ ತನಕ. ಈ ಕೊನೆಯ ಮಾತು ಮಾವನವರದಲ್ಲ, ನನ್ನದು.

"ನಮ್ಮ ಕಡೆ ಗವರ್ನರ್ ಅಂದ್ರ ದಿಲ್ಲಿಯಾವ್ರು ತಂದು ಕುಂಡ್ರಿಸಿದ ಮುದುಕ," ಎನ್ನುತ್ತಿದ್ದರು ಮಾವ. "ಇಂವ ಹಂಗಲ್ಲ, ಜನಾ ಆರಿಸ್ಯಾರ. ಇವನ ಮಾತ ನಡೀತೈತಿ."

ಈ ಮಾತು ಬಿಜಾಪುರದಲ್ಲಿದ್ದ ನನ್ನ ಅಪ್ಪನ ಕಿವಿಗೂ ಬಿದ್ದಿತ್ತು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಹಿಂದೆ ಯಾರೂ ಇಲ್ಲದ್ದಕ್ಕೆ ಬಡ್ತಿ ತಪ್ಪಿ, ಬೇಡದ ಊರುಗಳಿಗೆ ವರ್ಗವಾಗಿ ನೊಂದವರು. ವಶೀಲಿ ಇಲ್ಲದೆ ಹುಲ್ಲುಕಡ್ಡಿಯೂ ಅಲುಗಾಡದು ಎಂಬುದು ಅವರ ಪಾಲಿಗೆ ವೇದವಾಕ್ಯ. ಇಂಥವರ ಮಗ ನನ್ನ ತಮ್ಮ. ಕೃಷಿ ಪದವಿ ಮುಗಿಸಿದ್ದ, ಹೊಲಹೊಲದ ಮಣ್ಣು ತಂದು ಬಾಟಲಿಗಳಲ್ಲಿ ಕಲಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಅವ್ವನಿಂದ ಬೈಸಿಕೊಳ್ಳುತ್ತಿದ್ದ. ಹಗಲುರಾತ್ರಿ ಓದುತ್ತಿದ್ದ ಹುಡುಗನಿಗೆ ಇದ್ದದ್ದು ಒಂದೇ ಆಸೆ. ಅಪ್ಪನ ಬಾಯಿಂದ ಒಮ್ಮೆಯಾದರೂ 'ಶಾಣ್ಯಾ' ಅನ್ನಿಸಿಕೊಳ್ಳಬೇಕು.

ಅವನು ಮಣ್ಣಿನ ವಿಷಯ ಹೆಚ್ಚಿಗೆ ಓದಲು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ. ಅವುಗಳಲ್ಲೊಂದು ನಮ್ಮ ಗೋಡೆಯ ಮೇಲಿನವನ ರಾಜ್ಯದ್ದು. ಸುದ್ದಿ ತಿಳಿದ ಕೂಡಲೇ ಅಪ್ಪ ಫೋನ್ ಮಾಡಿದರು, ನನಗಲ್ಲ, ಮಾವನವರಿಗೆ.

"ಬೀಗರ, ನಿಮ್ಮ ಗವರ್ನರಗ ಒಂದ ಮಾತ ಹಾಕ್ರಿ. ನಿಮ್ಮ ಮಾತ ತಗದಹಾಕೂದಿಲ್ಲಂವ."

ಮಾವನವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ನೋಡೂಣ್ರಿ," ಅಂದರು. ಫೋನ್ ಇಟ್ಟ ಮೇಲೆ ಅವರ ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಮಾವ, ಅಪ್ಪಗ ಖರೇ ಹೇಳಿಬಿಡ್ರಿ," ಎಂದೆ.

"ಹೇಳತೇನವಾ. ಸೀಟ್ ಸಿಗಲಿಲ್ಲಂದ್ರ ಹೇಳಿಬಿಡತೇನಿ."

ಸೀಟು ಸಿಕ್ಕಿತು, ವಿದ್ಯಾರ್ಥಿವೇತನದ ಸಮೇತ. ಬಿಜಾಪುರದಿಂದ ಬರುವವರೊಬ್ಬರ ಕೈಯಲ್ಲಿ ಅಪ್ಪ ಮಾವನವರಿಗೆ ಶಾಲು ಕಳಿಸಿದರು, ಪೇಢೆ ಕಳಿಸಿದರು. ಊರ ತುಂಬ ಬೀಗರ ಗುಣಗಾನ. ತಮ್ಮ ಹೊರಡುವ ಮುಂಚೆ ನನಗೆ ಫೋನ್ ಮಾಡಿದ.

"ಅಕ್ಕಾ, ಎಲ್ಲಾರೂ ನಿಮ್ಮ ಮಾವಾರ ಹೆಸರ ಹೇಳಾಕತ್ತಾರ. ಹಂಗಾರ ನಾ ಓದಿದ್ದು ಎಲ್ಲಿ ಹೋತು?"

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನಿಗೆ ನಾನೇ ಹೇಳುತ್ತೇನೆಂದು ಹೊರಟಾಗ ಮಾವನವರು ಅಡ್ಡ ಬಂದು, "ಈಗ ಹೇಳಿದ್ರ ಬೀಗರ ಮುಂದ ನನ್ನ ಮಾನ ಏನ ಉಳೀತೈತವಾ?" ಎಂದರು. ಹಿರಿಯರ ಕಣ್ಣಲ್ಲಿ ನೀರು ಕಂಡು ಸುಮ್ಮನಾದೆ. ಆದರೆ ಆ ಪೇಢೆಯನ್ನು ಮಾತ್ರ ನಾನು ಮುಟ್ಟಲಿಲ್ಲ.

ಸುಳ್ಳಿಗೂ ಫಲ ಇದ್ದೇ ಇದೆ. ಎರಡೂ ಕಡೆಯ ನೆಂಟರು ಸಾಲುಗಟ್ಟಿದರು. ಒಬ್ಬರಿಗೆ ಅಳಿಯನ ವೀಸಾ, ಇನ್ನೊಬ್ಬರಿಗೆ ಮಗಳ ಮೆಡಿಕಲ್ ಸೀಟು. ಸೊಲ್ಲಾಪುರದಲ್ಲಿ ಒಂದು ಪೆಟ್ರೋಲ್ ಪಂಪು ಕೊಡಿಸಲು ಅಮೆರಿಕದ ಗವರ್ನರನಿಗೆ ಹೇಳಿರೆಂದವರೂ ಉಂಟು. ಫೋನ್ ರಿಂಗಾದರೆ ಸಾಕು, ಮಾವನವರು ಸ್ನಾನಕ್ಕೆ ಹೋಗಿಬಿಡುತ್ತಿದ್ದರು. ಅಷ್ಟು ಮಡಿವಂತರನ್ನು ನಾನು ಬೇರೆಲ್ಲೂ ನೋಡಿಲ್ಲ.

ಗವರ್ನರ್ ಅಧ್ಯಕ್ಷನಾಗಲು ಹೊರಟು, ಕೆಲವೇ ವಾರಗಳಲ್ಲಿ ಸುಸ್ತಾಗಿ ತನ್ನ ರಾಜ್ಯಕ್ಕೆ ವಾಪಸು ಬಂದ. ಮುಂದೆ ಹೊಸ ಶತಮಾನ ಬಂದ ಮೇಲೆ ಟಿವಿಯಲ್ಲಿ ಅವನ ಮುಖ ಮತ್ತೆ ಕಂಡಿತು. ರಸ್ತೆ ಗುತ್ತಿಗೆ ಪಡೆದ ಗೆಳೆಯರು ಅವನಿಗೆ ಕೆರೆಯ ದಂಡೆಯ ಮೇಲೊಂದು ಮನೆ ಕಟ್ಟಿಸಿಕೊಟ್ಟಿದ್ದರಂತೆ. ರಾಜೀನಾಮೆ ಕೊಟ್ಟ, ತನಿಖೆ ಶುರುವಾಯಿತು. ಮಾವನವರು ಕುರ್ಚಿ ಹತ್ತಿ ಫೋಟೋ ಇಳಿಸಿದರು. ಮಗಳ ಮದುವೆ ಮುಗಿಸಿದವರ ನೆಮ್ಮದಿ ಅವರ ಮುಖದಲ್ಲಿತ್ತು. ನೆಂಟರಿಗೆಲ್ಲ ತಾವಾಗಿಯೇ ಫೋನ್ ಮಾಡಿ, "ಅಂವಾ ಹ್ವಾದ. ಇನ್ನ ನನ್ನ ಕೈಯಾಗ ಏನೈತ್ರಿ?" ಎಂದು ಸಾರಿದರು.

ಎಲ್ಲರೂ ಮರುಗಿದರು. ಅಪ್ಪ ಮಾತ್ರ ಹೆದರಿದರು. ತಮ್ಮ ಆಗ ಅಲ್ಲೇ ಡಾಕ್ಟರೇಟ್ ಮುಗಿಸುವುದರಲ್ಲಿದ್ದ.

"ಯವ್ವಾ," ಎಂದರು ಅಪ್ಪ ಫೋನಿನಲ್ಲಿ. "ತನಿಖಿ ಅಂದ್ರ ಹಳೇದೆಲ್ಲಾ ಕೆದರತಾರ. ನಮ್ಮ ಹುಡುಗನ ಸೀಟಿನ ವಿಷಯ ಹೊರಗ ಬಂದ್ರ ಹೆಂಗ? ಡಿಗ್ರಿ ಕಸಗೊಂಡ್ರ?"

ಎದುರಿಗೆ ಕೂತಿದ್ದ ಮಾವನವರತ್ತ ನೋಡಿದೆ. ಅವರಿಗೆ ಎಲ್ಲ ಕೇಳಿಸಿತ್ತು. ತಲೆ ತಗ್ಗಿಸಿ, ಹೇಳಿಬಿಡು ಎಂದು ಕೈಸನ್ನೆ ಮಾಡಿದರು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಅಪ್ಪಾ, ಮಾವ ಯಾರಿಗೂ ಮಾತ ಹಾಕಿಲ್ಲ. ಆ ಗವರ್ನರಗ ಇವರ ಹೆಸರ ಸುದ್ದಾ ಗೊತ್ತಿಲ್ಲ. ನಿಮ್ಮ ಮಗಾ ತಾನ ಓದಿ, ತಾನ ಸೀಟ್ ತಗೊಂಡಾನ. ಭಾಳ ಶಾಣ್ಯಾ ಅದಾನಪ್ಪಾ ಅಂವಾ."

ಆ ಕಡೆ ಅಪ್ಪನ ದನಿಗೆ ಜೀವ ಬಂತು.

"ಛಲೋ ಹೇಳಿದಿ ನೋಡವಾ. ಯಾರ ಕೇಳಿದ್ರೂ ಹಿಂಗ ಹೇಳು. ನಿನ್ನ ತಮ್ಮಗೂ ಹಿಂಗ ಹೇಳಾಕ ಕಲಿಸು."