ಎದುರುಮನೆ ಅಕ್ಕನ ಬೀಜದ ಪೊಂಗಲ್

ಮೊನ್ನೆ ಮಗಳು ಚಾಮರಾಜನಗರದಿಂದ ಬರುವಾಗ ಸುಲಿದ ಕುಂಬಳಬೀಜದ ಪ್ಯಾಕೆಟ್ ತಂದಳು. ಅವಳದೀಗ ಡಯಟ್ಟು. ಅನ್ನ ಬೇಡ, ರಾಗಿ ಬೇಡ, ಹಾಲು ಮೊಸರಂತೂ ಬೇಡವೇ ಬೇಡ. ಒಂದು ಹಿಡಿ ಬೀಜ ಬಾಣಲೆಗೆ ಹಾಕಿದೆ ನೋಡಿ, ಘಮಲು ಮೂಗಿಗೆ ಬಡಿದದ್ದೇ ತಡ, ತೆರಕಣಾಂಬಿಯ ಎದುರುಮನೆ ಅಕ್ಕ ನೆನಪಾದಳು...

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮದುವೆಯಾಗಿ ಆರು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ನನ್ನ ಮಡಿಲು ತುಂಬಲಿ ಅಂತ ಅತ್ತೆ ಮಾದಪ್ಪನಿಗೆ ಹರಕೆ ಹೊತ್ತರು. ಶ್ರಾವಣ ಪೂರ್ತಿ ಅಕ್ಕಿ ರಾಗಿ ಮುಟ್ಟುವುದಿಲ್ಲ, ಹಾಲು ಮೊಸರು ತುಪ್ಪವೂ ಇಲ್ಲ. ಬರೀ ಹಣ್ಣು, ಗೆಣಸು. ನಾಲ್ಕೇ ದಿನಕ್ಕೆ ಸೊರಗಿಹೋದರು. ಐದನೇ ದಿನ ಎದುರುಮನೆ ಅಕ್ಕ ಸೆರಗಲ್ಲಿ ಮುಚ್ಚಿಕೊಂಡು ಒಂದು ಡಬರಿ ತಂದಳು. ಒಳಗೆ ಕುಂಬಳಬೀಜದ ಪೊಂಗಲ್. ಬೀಜ, ಜೀರಿಗೆ, ಶುಂಠಿ, ಮೇಲೆ ಎರಡೆಸಳು ಕರಿಬೇವು, ಅಷ್ಟೇ.

ಅತ್ತೆ ಡಬರಿ ಬಳಿದು ತಿಂದರು. "ಅನ್ನ ಉಂಡಂಗೇ ಆಯ್ತು ಕಣಮ್ಮಿ" ಅಂತ ಅವಳ ಕೈ ಹಿಡಿದುಕೊಂಡರು. ಆರು ವರ್ಷದಲ್ಲಿ ನನ್ನ ಕೈಯನ್ನು ಒಂದು ಸಲವಾದರೂ ಹಾಗೆ ಹಿಡಿದಿದ್ದರೇ? ಮೈಯೆಲ್ಲ ಉರಿದುಹೋಯಿತು.

ಆಮೇಲೆ ಅದು ದಿನಾ ಆಯಿತು. ಅಕ್ಕ ಮಧ್ಯಾಹ್ನ ಪೂರ್ತಿ ಜಗಲಿ ಮೇಲೆ ಕೂತು ಹೆಬ್ಬೆರಳ ಉಗುರಲ್ಲಿ ಒಂದೊಂದೇ ಬೀಜ ಸುಲಿಯುತ್ತಿದ್ದಳು. "ಬಾ ಕಣಮ್ಮಿ, ಮಾಡೋದ ನೋಡ್ಕೊ" ಅಂತ ನನ್ನನ್ನು ಕರೆದಳು ಕೂಡ. ನಾನ್ಯಾಕೆ ಹೋಗಲಿ? ನಮ್ಮತ್ತೆಗೆ ಬೇಯಿಸಿ ಹಾಕೋಕೆ ಅವಳ ಒಲೆ ಮುಂದೆ ಕೂತು ಕಲೀಬೇಕೇ!

ಒಂದು ದಿನ ನಾನೇ ಮಾಡಿದೆ. ಬೀಜ ಅಷ್ಟನ್ನೂ ನೆನೆಸಿ, ನುಣ್ಣಗೆ ರುಬ್ಬಿ, ಕುದಿಸಿದೆ. ಪಾತ್ರೆ ತುಂಬ ಗೋಂದು. ಅತ್ತೆ ಎರಡು ತುತ್ತು ತಿಂದು, "ಪರ್ವಾಗಿಲ್ಲ ಬುಡು" ಅಂದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮಾರನೇ ದಿನ ಡಬರಿ ಹಿಂದಿರುಗಿಸೋಕೆ ಹೋದೆ. ನಮ್ಮ ಕಡೆ ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ನಾನು ಬೇಕಂತಲೇ ಬರಿದಾದ ಡಬರಿ ಚಾಚಿದೆ. "ಅತ್ತೆಗೆ ಇನ್ಮೇಲೆ ಬೇಡ್ವಂತೆ ಕಣಕ್ಕ" ಅಂದೆ. ಅತ್ತೆ ಹಾಗೆ ಅಂದೇ ಇರಲಿಲ್ಲ.

ಅವಳು ಡಬರಿಯ ಒಳಗೊಮ್ಮೆ ನೋಡಿದಳು. ಒಳಗೆ ಹೋಗಿ ಒಂದು ಬಟ್ಟೆಗಂಟು ತಂದು ನನ್ನ ಕೈಗಿಟ್ಟಳು. ಶ್ರಾವಣ ಮುಗಿಯುವಷ್ಟೂ ದಿನಕ್ಕೆ ಸುಲಿದಿಟ್ಟ ಬೀಜ.

"ಅರ್ಧ ರುಬ್ಕೊ, ಅರ್ಧ ಇಡಿಯಾಗೇ ಬುಡು. ರುಬ್ಬಿದ್ ಬೀಜದ್ ಆಲ್ನಲ್ಲೇ ಬೇಯ್ಲಿ. ಅವಾಗ ಅನ್ನದಂಗಿರ್ತದೆ."

ಆ ಗಂಟನ್ನು ಅಟ್ಟದ ಮೇಲಿನ ಡಬ್ಬಿಗೆ ತುರುಕಿದೆ. ಹುಳ ಹಿಡಿದ ಮೇಲೆ ತಿಪ್ಪೆಗೆ ಸುರಿದೆ. ಅತ್ತೆ ನಾಲ್ಕೈದು ದಿನ ಬಾಗಿಲ ಕಡೆ ನೋಡಿದರು, ಆಮೇಲೆ ಬರೀ ಬಾಳೆಹಣ್ಣು, ಗೆಣಸಿನಲ್ಲೇ ಹರಕೆ ಮುಗಿಸಿದರು. "ಒಂದು ಮಾತೂ ಹೇಳ್ದೆ ನಿಲ್ಲಿಸ್ಬುಟ್ಳಲ್ಲ..." ಅಂತ ಸಾಯುವ ತನಕ ಕೊರಗಿದರು. ಮುಂದಿನ ವರ್ಷ ಮಗಳು ಹುಟ್ಟಿದಳು. ನಾಮಕರಣಕ್ಕೆ ಎದುರುಮನೆ ಅಕ್ಕ ಬಂದು, ತೊಟ್ಟಿಲು ತೂಗಿ, ಊಟ ಮಾಡದೆ ಹೋದಳು. ಆಮೇಲೆ ಅವರು ಗುಂಡ್ಲುಪೇಟೆಗೆ ಮನೆ ಬದಲಾಯಿಸಿದರು. ಹೋದ ವರ್ಷ ತೀರಿಕೊಂಡಳಂತೆ. ಬಸ್ಸಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು...

ಇವತ್ತು ಅವಳು ಹೇಳಿದ ಹಾಗೇ ಮಾಡಿದೆ, ಅರ್ಧ ರುಬ್ಬಿ, ಅರ್ಧ ಇಡಿಯಾಗಿ. ಹಾಳಾದ್ದು, ಮೊದಲ ಸಲಕ್ಕೇ ಸರಿಯಾಗಿ ಬಂತು. ಮಗಳು ಪಾತ್ರೆ ಬಳಿದು ತಿಂದು, "ಅಮ್ಮಾ, ಸೂಪರ್! ಯಾರ್ ಹೇಳ್ಕೊಟ್ರು?" ಅಂದಳು.

ಹೇಳೋಣ ಅಂತಲೇ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

"ಯಾರೂ ಇಲ್ಲ. ನಾನೇ ಮಾಡ್ದೆ" ಅಂದುಬಿಟ್ಟೆ.